ಪಾಸು ಕೈಯಲ್ಲಿದ್ದರೆ ಸೀಟು ಸಿಕ್ಕಂತಲ್ಲ

ಬೆಂಗಳೂರಿನಿಂದ ಯುರೋಪಿಗೆ ಹೊರಟವರಿಗೆ ವಿಮಾನ ಹತ್ತಬೇಡಿ ಎನ್ನುವಷ್ಟು ಅವಿವೇಕ ನನಗಿಲ್ಲ. ಆದರೆ ಅಲ್ಲಿ ಇಳಿದ ಮೇಲೂ ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ, ಮ್ಯೂನಿಕ್‌ನಿಂದ ರೋಮ್‌ಗೆ ಮತ್ತೆ ಮತ್ತೆ ವಿಮಾನ ಏರಬೇಕಿಲ್ಲವೆಂದು, ಪ್ರವಾಸದ ಯೋಜನೆ ಹಾಕಿಕೊಡುವ ಈ ವೃತ್ತಿಯಲ್ಲಿ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಮಾಲಿನ್ಯ ತಗ್ಗಿಸಲೆಂದು ಫ್ರಾನ್ಸ್ 2023ರಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಕೆಲವು ದೇಶೀಯ ಮಾರ್ಗಗಳ ವಿಮಾನಗಳನ್ನೇ ನಿಲ್ಲಿಸಿತು. ಆಸ್ಟ್ರಿಯಾದ ರೈಲ್ವೆ 2018ರಿಂದ ನವೀಕರಿಸಬಹುದಾದ ಮೂಲಗಳ ವಿದ್ಯುತ್ತಿನಿಂದಲೇ ರೈಲು ಓಡಿಸುತ್ತಿದೆ. ಇದನ್ನೆಲ್ಲ ಕೇಳಿ ಈಗೀಗ ಜನ ಒಪ್ಪುತ್ತಾರೆ. ಒಪ್ಪಿದವರು, ಯುರೋಪಿನ ಹಲವು ದೇಶಗಳ ರೈಲುಗಳಲ್ಲಿ ಇಂತಿಷ್ಟು ದಿನ ಓಡಾಡಲು ಕೊಡುವ ಯುರೇಲ್ ಪಾಸು ಕೊಂಡು, ಅಲ್ಲಿಗೆ ಎಲ್ಲ ಮುಗಿಯಿತೆಂದು ನಿಶ್ಚಿಂತರಾಗಿಬಿಡುತ್ತಾರೆ. ನನ್ನ ತಕರಾರಿರುವುದು ಇದರ ಬಗ್ಗೆ.

ತುಮಕೂರಿನಿಂದ ಬೆಂಗಳೂರಿಗೆ ದಿನವೂ ಓಡಾಡುವವರ ಮಾಸಿಕ ಪಾಸನ್ನು ನೆನಪಿಸಿಕೊಳ್ಳಿ. ಹಣ ಕಟ್ಟಿರುತ್ತಾರೆ, ಪ್ರಯಾಣದ ಹಕ್ಕೂ ಇರುತ್ತದೆ. ಆದರೆ ರಿಸರ್ವೇಶನ್ ಬೋಗಿ ಹತ್ತಿದರೆ ಟಿಟಿಇ ಸುಮ್ಮನೆ ಬಿಡುವುದಿಲ್ಲ. ಯುರೇಲ್ ಪಾಸಿನದೂ ಹೆಚ್ಚುಕಡಿಮೆ ಇದೇ ಕತೆ. ಜರ್ಮನಿಯ ಐಸಿಇ ಎಂಬ ವೇಗದ ರೈಲು, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾದ ಬಹುತೇಕ ಹಗಲು ರೈಲುಗಳಿಗೆ ಸಾಮಾನ್ಯವಾಗಿ ಪಾಸೊಂದೇ ಸಾಕು. ಫ್ರಾನ್ಸಿನ ಟಿಜಿವಿ, ಲಂಡನ್–ಪ್ಯಾರಿಸ್ ಯೂರೋಸ್ಟಾರ್, ಇಟಲಿಯ ಫ್ರೆಚಾರೋಸ್ಸಾ, ಸ್ಪೇನಿನ ಎವಿಇ ಎಂಬ ವೇಗದ ರೈಲುಗಳಿಗೂ ರಾತ್ರಿ ರೈಲುಗಳಿಗೂ ಪ್ರತ್ಯೇಕ ಹಣ ತೆತ್ತು ಸೀಟು ಕಾಯ್ದಿರಿಸಲೇಬೇಕು. ಇವುಗಳಲ್ಲಿ ಕೆಲವದರಲ್ಲಿ ಪಾಸಿನವರಿಗೆ ಇಷ್ಟೇ ಸೀಟೆಂಬ ಕೋಟಾ ಇರುತ್ತದೆ. ಕೋಟಾ ಮುಗಿದರೆ ರೈಲಿನಲ್ಲಿ ಜಾಗವಿದ್ದರೂ ಪಾಸಿನ ದರದಲ್ಲಿ ಅದು ನಿಮಗೆ ಸಿಗುವುದಿಲ್ಲ. ನಮ್ಮ ಆರ್‌ಎಸಿ, ತತ್ಕಾಲ್‌ಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ಆದ್ದರಿಂದ ಪಾಸು ಕೊಳ್ಳುವ ಮೊದಲೇ ನಿಮ್ಮ ತಾರೀಖಿನಂದು ಪಾಸಿನವರಿಗೆ ಸೀಟು ಉಳಿದಿದೆಯೇ ಎಂದು ನೋಡಿ. ನಿಯಮಗಳು ಬದಲಾಗುತ್ತಿರುತ್ತವೆ, ನನ್ನ ಮಾತನ್ನೂ ಹೊರಡುವ ಮುನ್ನ ಪರಿಶೀಲಿಸಿಕೊಳ್ಳಿ.

"ಸ್ಟೇಷನ್ನಿನಲ್ಲಿ ಯಾರನ್ನಾದರೂ ಕೇಳಿ ಅಡ್ಜಸ್ಟ್ ಮಾಡಿಕೊಳ್ತೀವಿ ಬಿಡಿ ಸರ್" ಎಂದು ಹೊರಟ ನಾಲ್ವರ ಕುಟುಂಬವೊಂದು ಜೂನ್ ತಿಂಗಳ ಒಂದು ಮಧ್ಯಾಹ್ನ ಪ್ಯಾರಿಸ್‌ನ ಗಾರ್ ದ ಲಿಯಾನ್ ನಿಲ್ದಾಣದಿಂದ ನನಗೆ ಫೋನ್ ಮಾಡಿತು. ಜ್ಯೂರಿಕ್‌ಗೆ ಅಲ್ಲಿಂದ ನೇರ ರೈಲಿನಲ್ಲಿ ನಾಲ್ಕು ಗಂಟೆಯಷ್ಟೇ ದಾರಿ. ಅಂದು ಕೋಟಾ ಖಾಲಿ. ಬೇರೆ ಮಾರ್ಗ ಹುಡುಕಿ ನಾನು ತಿರುಗಿ ಫೋನ್ ಮಾಡುವಷ್ಟರಲ್ಲಿ ಯಜಮಾನರು ವಿಮಾನದ ಟಿಕೆಟ್ ಕೊಂಡಾಗಿತ್ತು. ಪಾಸಿನ ಒಂದು ದಿನ ಹಾಗೇ ಉಳಿಯಿತು.

ಹುಬ್ಬಳ್ಳಿಯ ನಿವೃತ್ತ ಶಿಕ್ಷಕಿಯೊಬ್ಬರು ಮಾತ್ರ ಮೂರು ತಿಂಗಳು ಮೊದಲೇ ವಿಯೆನ್ನಾ–ವೆನಿಸ್ ನೈಟ್‌ಜೆಟ್ ಎಂಬ ರಾತ್ರಿ ರೈಲಿನಲ್ಲಿ ಬರ್ತ್ ಹಿಡಿದಿದ್ದರು. ರಾತ್ರಿ ಹನ್ನೆರಡಕ್ಕೆ ಮೊದಲೇ ರೈಲು ಏರಿ, ಆಮೇಲೆ ರೈಲು ಬದಲಿಸದಿದ್ದರೆ ಪಾಸಿನಲ್ಲಿ ಖರ್ಚಾಗುವುದು ಹತ್ತಿದ ದಿನವೊಂದೇ ಎಂಬುದನ್ನೂ ಓದಿಕೊಂಡಿದ್ದರು. ಏಕಾಂತ ಬೇಕೆನ್ನುವವರು ಹೆಚ್ಚು ಹಣ ಕೊಟ್ಟು ಪ್ರತ್ಯೇಕ ಕ್ಯಾಬಿನ್ ಪಡೆಯಬಹುದು. ಇವರು ಬೇಕೆಂದೇ ಹಂಚಿಕೊಳ್ಳುವ ಕಂಪಾರ್ಟ್‌ಮೆಂಟ್ ಕೇಳಿದ್ದರು. ಬೆಳಿಗ್ಗೆ ಕೊಟ್ಟ ಬನ್ನಿಗೆ ಬೆಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿದಾಗ, ಎದುರಿನ ಬರ್ತಿನ ಹುಡುಗಿ ತನ್ನ ಬನ್ನನ್ನೂ ಮುಂದೆ ಚಾಚಿದಳಂತೆ. ವೆನಿಸಿನ ಸಾಂತಾ ಲೂಚಿಯಾ ನಿಲ್ದಾಣದಿಂದ ಹೊರಬಂದರೆ ಎದುರಿಗೇ ದೊಡ್ಡ ಕಾಲುವೆ. ಅದರ ಫೋಟೋ ಬರುವುದೆಂದು ಕಾದಿದ್ದ ನನಗೆ ಅವರು ಕಳುಹಿಸಿದ್ದು ಖಾಲಿಯಾದ ಚಟ್ನಿಪುಡಿ ಡಬ್ಬಿಯ ಫೋಟೋ.