ಮಂಡ್ಯದ ಕಬ್ಬು, ನಂಜನಗೂಡಿನ ರಸಬಾಳೆ: ನಮ್ಮೂರ ಕ್ಲೋನ್‌ಗಳು

ಮಂಡ್ಯದ ಗದ್ದೆಗಳಲ್ಲಿ ಯಾರೂ ಕಬ್ಬಿನ ಬೀಜ ಬಿತ್ತುವುದಿಲ್ಲ. ಬಿತ್ತನೆ ಕಬ್ಬು ಅನ್ನುತ್ತಾರೆ, ಆದರೆ ಸಾಲಿಗೆ ಇಡುವುದು ಎರಡೋ ಮೂರೋ ಕಣ್ಣಿರುವ ತುಂಡುಗಳನ್ನು. ಆ ಕಣ್ಣಿನಿಂದ ಮೊಳೆತ ಪೈರು ತಾಯಿಯ ನಕಲು. ಅಪ್ಪ ಅನ್ನುವವನೇ ಇಲ್ಲ. ಕಟಾವಾದ ಮೇಲೆ ಬರುವ ಕೂಳೆ ಬೆಳೆಯೂ ಅದೇ. ಕೋ 86032 ತಳಿ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯಲ್ಲಿ ಒಂದೇ ಬೀಜದಿಂದ ಹುಟ್ಟಿದ ಸಸಿ. ಇಂದು ನಾಲೆ ಬಯಲಲ್ಲಿ ನಿಂತಿರುವ ಆ ತಳಿಯ ಕಬ್ಬೆಲ್ಲ ಆ ಒಂದು ಗಿಡದ ತುಂಡಿನ ತುಂಡಿನ ತುಂಡು. ಕ್ಲೋನ್ ಅಂದರೆ ಇಷ್ಟೇ.

ಹಾಗಾದರೆ 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಕ್ಲೋನ್ ಆಗಿ ಹುಟ್ಟಿದ ಡಾಲಿ ಕುರಿಗೆ ಅಷ್ಟೊಂದು ಗದ್ದಲ ಯಾಕಾಯಿತು? ಕಬ್ಬಿನ ಕಣ್ಣಿನಲ್ಲಿರುವ ಎಳೆ ಕೋಶಗಳು ಇನ್ನೂ ಯಾವ ಕೆಲಸಕ್ಕೂ ಕಟ್ಟುಬಿದ್ದಿರುವುದಿಲ್ಲ. ಪ್ರಾಣಿಯ ಮೈಯಲ್ಲಿ ಹಾಗಿಲ್ಲ. ನಮ್ಮ ಚರ್ಮಕ್ಕೂ ಲಿವರಿಗೂ ಡಿಎನ್‌ಎ ಹೆಚ್ಚುಕಡಿಮೆ ಒಂದೇ, ಆದರೆ ಲಿವರ್ ಕೋಶ ತನಗೆ ಬೇಡದ ಜೀನ್‌ಗಳನ್ನು ದೀಪದ ಹಾಗೆ ಆರಿಸಿ ಕೂತಿರುತ್ತದೆ. ವಿಜ್ಞಾನಿಗಳು ಆರು ವರ್ಷದ ಕುರಿಯ ಕೆಚ್ಚಲಿನ ಕೋಶವನ್ನು, ನ್ಯೂಕ್ಲಿಯಸ್ (ಡಿಎನ್‌ಎ ಇರುವ ಕೋಶದ ನಡುಭಾಗ) ತೆಗೆದ ಅಂಡಾಣುವಿನ ಜೊತೆ ಬೆಸೆದರು. ಆರಿದ್ದ ಜೀನ್‌ಗಳು ಮತ್ತೆ ಹೊತ್ತಿಕೊಂಡವು. 277 ಸಲ ಬೆಸೆದದ್ದಕ್ಕೆ ಬದುಕಿದ್ದು ಡಾಲಿ ಒಂದೇ.

ನಕಲಿನ ಲಾಭ ದೊಡ್ಡದು. ರುಚಿ ಕೆಡುವುದಿಲ್ಲ. ನಂಜನಗೂಡು ರಸಬಾಳೆಯ ಪರಿಮಳ ತಲೆಮಾರುಗಳಿಂದ ಉಳಿದು ಬಂದದ್ದೇ ಹೀಗೆ. ಅದರ ಕೋಶದಲ್ಲಿ ಕ್ರೋಮೋಸೋಮುಗಳು, ಅಂದರೆ ಡಿಎನ್‌ಎಯ ಕಟ್ಟುಗಳು, ಮೂರು ಸೆಟ್, ಹನ್ನೊಂದರಂತೆ 33. ಎರಡು ಸೆಟ್ ಇದ್ದರೆ ಬೀಜ ಕಟ್ಟುವ ಮುನ್ನ ಸಮನಾಗಿ ಪಾಲಾಗುತ್ತವೆ. ಮೂರನ್ನು ಹಾಗೆ ಪಾಲು ಮಾಡುವುದು ಹೇಗೆ? ಹಾಗಾಗಿ ಬೀಜವಿಲ್ಲ, ಬುಡದ ಕಂದು ಕಿತ್ತು ನೆಡಬೇಕು.

ಪನಾಮಾ ಸೊರಗು ರೋಗ ಬಂದಾಗ ಈ ನಕಲುತನವೇ ಮುಳುವಾಯಿತು. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನು ಮುಚ್ಚಿಬಿಡುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ, ದಿಂಡು ಸೀಳುತ್ತದೆ. ಒಂದು ಗಿಡಕ್ಕೆ ತಡೆಯುವ ಶಕ್ತಿ ಇಲ್ಲ ಅಂದರೆ ಇಡೀ ತೋಟಕ್ಕೇ ಇಲ್ಲ. ರೋಗದ ತೋಟದ ಕಂದು ತಂದರೆ ರೋಗವೂ ಜೊತೆಗೇ ಬರುತ್ತದೆ. ಮಣ್ಣಿಗೆ ಸೇರಿದ ಮೇಲಂತೂ ಅದು ದಶಕಗಟ್ಟಲೆ ಬಿಡುವುದಿಲ್ಲ.

ಅಂಗಾಂಶ ಕೃಷಿಯ, ಅಂದರೆ ಗಿಡದ ಸಣ್ಣ ಚೂರಿನಿಂದ ಲ್ಯಾಬಿನಲ್ಲಿ ಬೆಳೆಸಿದ, ಸಸಿಯೇ ಇದಕ್ಕೆ ಮದ್ದು ಅನ್ನುವವರು ಜಾಸ್ತಿ. ನನ್ನ ಪ್ರಕಾರ ಅದು ಅರ್ಧ ನಿಜ. ಲ್ಯಾಬಿನಿಂದ ಬಂದ ಸಸಿ ರೋಗ ಹೊತ್ತು ತರುವುದಿಲ್ಲ, ಸರಿ. ಆದರೆ ಅದೂ ಅದೇ ರಸಬಾಳೆ. ಹಳೇ ಮಣ್ಣಿಗೆ ನೆಟ್ಟರೆ ಮತ್ತೆ ಸೊರಗುತ್ತದೆ ಅಲ್ವಾ?

ಹೊರದೇಶಗಳಲ್ಲೂ ಇದೇ ಕಥೆ. ಗ್ರೋ ಮಿಷೆಲ್ ಎಂಬ ಬಾಳೆ ಇದೇ ರೋಗಕ್ಕೆ ಸಿಕ್ಕಿ 1960ರ ದಶಕದ ಹೊತ್ತಿಗೆ ರಫ್ತು ಮಾರುಕಟ್ಟೆಯನ್ನು ಕಳೆದುಕೊಂಡಿತು. ಅದರ ಜಾಗಕ್ಕೆ ರೋಗ ತಡೆಯುವ ಕ್ಯಾವೆಂಡಿಷ್ ಬಂತು. ನಮ್ಮ ಪಚ್ಚಬಾಳೆ ಅದೇ ಬಳಗದ್ದು. ಅದೂ ಕ್ಲೋನೇ. ಅದನ್ನೂ ಕೆಡವಬಲ್ಲ ಫ್ಯುಸೇರಿಯಂನ ಹೊಸ ಬಗೆ, ಟಿಆರ್4, ಬಿಹಾರದ ತೋಟಗಳವರೆಗೆ ಆಗಲೇ ಬಂದಾಗಿದೆ.