ಕೊರೋನಾ ಭಯಕ್ಕೆ ಎರಡು ವಾರ ಮೊದಲೇ ಸಿಸೇರಿಯನ್: ಪುಟ್ಟ ಶ್ವಾಸಕೋಶದ ನೀರಿನ ಲೆಕ್ಕ

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಸಿಸೇರಿಯನ್‌ಗೆ ದಿನ ಗೊತ್ತು ಮಾಡಿಕೊಂಡಿದ್ದ ಎಷ್ಟೋ ಮನೆಗಳಲ್ಲಿ ಆಗ ಎದ್ದ ಪ್ರಶ್ನೆ, "ಸ್ವಲ್ಪ ಮೊದಲೇ ಮಾಡಿಸಿಬಿಡೋಣವಾ?" ಆಸ್ಪತ್ರೆ ಸೀಲ್‌ಡೌನ್ ಆಗುವ ಮುಂಚೆ, ಡಾಕ್ಟರಿಗೇ ಸೋಂಕು ತಗಲುವ ಮುಂಚೆ. ಮುಹೂರ್ತ ನೋಡಿ ಹೊಟ್ಟೆ ಕೊಯ್ಯಿಸುವ ಚಾಳಿ ಮೊದಲೇ ಇದ್ದ ನಾಡು ನಮ್ಮದು. ಪಂಚಾಂಗಕ್ಕಾಗಿ ದಿನ ಸರಿಸಬಹುದಾದರೆ ವೈರಸ್ಸಿಗಾಗಿ ಯಾಕೆ ಸರಿಸಬಾರದು? ಯಾಕೆಂದರೆ ಮಗುವಿನ ಶ್ವಾಸಕೋಶಕ್ಕೆ ಎರಡರ ಪರಿವೆಯೂ ಇಲ್ಲ. ಅದು ಕಾಯುವುದು ಹೆರಿಗೆ ನೋವಿಗೆ.

ಗರ್ಭದಲ್ಲಿರುವ ಮಗುವಿನ ಶ್ವಾಸಕೋಶದ ತುಂಬ ನೀರು. ತೂಕದ ಕಿಲೋಗೆ ಸುಮಾರು 25ರಿಂದ 30 ಮಿಲಿಲೀಟರ್, ಅಂದರೆ ಮೂರು ಕಿಲೋ ಮಗುವಿನಲ್ಲಿ ಒಂದು ಪುಟ್ಟ ಕಾಫಿ ಲೋಟದಷ್ಟು. ಮಗು ಒಳಗೆಳೆದುಕೊಂಡ, ತನ್ನ ಸುತ್ತ ತುಂಬಿರುವ ನೆತ್ತಿನೀರೇ ಅದು ಎಂಬ ನಂಬಿಕೆ ಬಹುಕಾಲ ಇತ್ತು. 1948ರಲ್ಲಿ ಫ್ರಾನ್ಸಿನ ಜೋಸ್ಟ್ ಮತ್ತು ಪೋಲಿಕಾರ್ ಮೊಲದ ಭ್ರೂಣಗಳಲ್ಲಿ ಶ್ವಾಸನಾಳದ ದಾರಿ ಮುಚ್ಚಿದರೆ ಶ್ವಾಸಕೋಶ ಉಬ್ಬುತ್ತದೆಂದು ತೋರಿಸಿದರು. ನೀರು ಹೊರಗಿನಿಂದ ಬರುವುದಲ್ಲ, ಒಳಗೇ ಒಸರುವುದು.

ಹುಟ್ಟಿದ ಕೂಡಲೇ ಆ ಜಾಗಕ್ಕೆ ಗಾಳಿ ಬರಬೇಕು. ನೀರು ಎಲ್ಲಿಗೆ ಹೋಗುತ್ತದೆ? ಹೆರಿಗೆ ದಾರಿಯಲ್ಲಿ ಎದೆ ಅಮುಕಿದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಬಾಯಿಂದ ಸುರಿದುಹೋಗುತ್ತದೆ ಎನ್ನುವವರು ಇನ್ನೂ ಇದ್ದಾರೆ. ಹಾಗೆ ಹೋಗುವುದು ಸ್ವಲ್ಪ. ಉಳಿದದ್ದೆಲ್ಲ ಉಪ್ಪಿನ ಕೆಲಸ.

ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಗೆ ಉಪ್ಪು ಬಿದ್ದರೆ ಹತ್ತು ನಿಮಿಷದಲ್ಲಿ ತಟ್ಟೆ ತುಂಬ ನೀರು. ಉಪ್ಪು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಗರ್ಭದಲ್ಲಿದ್ದಷ್ಟು ದಿನ ಶ್ವಾಸಕೋಶದ ಒಳಪದರದ ಕೋಶಗಳು ಕ್ಲೋರೈಡನ್ನು ಗಾಳಿಗೂಡಿನೊಳಕ್ಕೆ ತಳ್ಳುತ್ತವೆ, ಸೋಡಿಯಂ ಮತ್ತು ನೀರು ಅದರ ಬೆನ್ನಿಗೆ. ಹೆರಿಗೆ ನೋವು ಶುರುವಾದೊಡನೆ ಮಗುವಿನ ರಕ್ತದಲ್ಲಿ ಅಡ್ರಿನಲಿನ್ ಏರಿ ಹರಿವು ತಿರುಗುತ್ತದೆ. ಅವೇ ಕೋಶಗಳ ಸೋಡಿಯಂ ಬಾಗಿಲುಗಳು ತೆರೆದುಕೊಂಡು ಗೂಡಿನ ಉಪ್ಪನ್ನು ಒಳಗೆಳೆಯುತ್ತವೆ, ಹಿಂಭಾಗದ ಪಂಪು ಅದನ್ನು ಆಚೆ ದಾಟಿಸುತ್ತದೆ, ನೀರು ರಕ್ತನಾಳ ಸೇರುತ್ತದೆ. ನಾಟಿಗೆ ತುಂಬಿಸಿಟ್ಟ ಗದ್ದೆಯ ತೂಬು ತೆಗೆದ ಹಾಗೆ. ತೂಬಿನ ಬದಲು ಪಂಪ್‌ಸೆಟ್ ಎಂದರೂ ಸರಿ, ಇಲ್ಲಿ ಶಕ್ತಿ ಖರ್ಚಾಗುತ್ತದೆ. 1996ರಲ್ಲಿ ಈ ಬಾಗಿಲಿನ ಒಂದು ಭಾಗವೇ ಇಲ್ಲದ ಇಲಿಮರಿಗಳನ್ನು ಸೃಷ್ಟಿಸಿದರು. ಶ್ವಾಸಕೋಶದ ನೀರು ಖಾಲಿಯಾಗದೆ ಅವು 40 ಗಂಟೆಯೊಳಗೆ ಸತ್ತವು.

ಈ ಬಾಗಿಲುಗಳ ಸಂಖ್ಯೆ ಹೆಚ್ಚುವುದು ಕೊನೆಯ ವಾರಗಳಲ್ಲಿ, ಮಗುವಿನ ಕಾರ್ಟಿಸಾಲ್ ಹಾರ್ಮೋನು ಏರಿದಂತೆ. ಹಾಗಾಗಿ 37ನೇ ವಾರದಲ್ಲಿ, ನೋವು ಬರುವ ಮೊದಲೇ ಹೊರತೆಗೆದ ಮಗುವಿಗೆ ಪಂಪೂ ಕಡಿಮೆ, ಅದನ್ನು ಓಡಿಸುವ ಅಡ್ರಿನಲಿನ್ ಎಂಬ ಕರೆಂಟೂ ಇಲ್ಲ. ಅಮೆರಿಕದಲ್ಲಿ ಮೊದಲೇ ಗೊತ್ತುಮಾಡಿದ 13,258 ಮರು ಸಿಸೇರಿಯನ್‌ಗಳನ್ನು ಲೆಕ್ಕ ಹಾಕಿದ 2009ರ ಅಧ್ಯಯನದಲ್ಲಿ ಮಗುವಿಗೆ ತೊಂದರೆಯಾದದ್ದು 37ನೇ ವಾರದಲ್ಲಿ ಶೇ. 15.3, 38ರಲ್ಲಿ ಶೇ. 11, 39ರಲ್ಲಿ ಶೇ. 8.

ಒದ್ದೆ ಶ್ವಾಸಕೋಶದ ಮಗು ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡುತ್ತದೆ, ನರಳುತ್ತದೆ, ಮೂಗಿನ ಹೊಳ್ಳೆ ಅರಳಿಸುತ್ತದೆ. ಬೇರೆ ದಿನಗಳಾದರೆ ಸ್ವಲ್ಪ ಆಮ್ಲಜನಕ, ಎರಡು ಮೂರು ದಿನದ ನಿಗಾ, ಸಾಮಾನ್ಯವಾಗಿ ಅಷ್ಟೇ. ಸಾಂಕ್ರಾಮಿಕದ ನಡುವೆ ಇದೇ ಚಿತ್ರ ಕೋವಿಡ್ ಶಂಕೆಯಾಗುತ್ತಿತ್ತು! ಮೂಗಿಗೆ ಕಡ್ಡಿ, ಪ್ರತ್ಯೇಕ ಕೋಣೆ, ತಾಯಿಯಿಂದ ದೂರ. ವೈರಸ್ಸಿಗೆ ಹೆದರಿ ದಿನ ಮುಂಚಿತ ಮಾಡಿಕೊಂಡವರ ಮನೆಗೆ ವೈರಸ್ಸಿಲ್ಲದೆಯೇ ಅದರ ಲಕ್ಷಣ ಬಂದು ಕೂರುತ್ತಿತ್ತು.

ಸಿಸೇರಿಯನ್ ಸೋಂಕು ತಡೆಯುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? 2020ರ ಫೆಬ್ರವರಿಯಲ್ಲಿ ಪ್ರಕಟವಾದ ವುಹಾನ್ ವರದಿಯ ಪಾತ್ರವೂ ಇದೆ. ಸೋಂಕಿತ ಒಂಬತ್ತು ತಾಯಂದಿರು, ಎಲ್ಲರಿಗೂ ಸಿಸೇರಿಯನ್. ಆರು ಪ್ರಕರಣಗಳ ನೆತ್ತಿನೀರು, ಹೊಕ್ಕುಳಬಳ್ಳಿಯ ರಕ್ತ, ಎದೆಹಾಲು, ಮಗುವಿನ ಗಂಟಲು ಪರೀಕ್ಷಿಸಿದರು, ವೈರಸ್ ಇರಲಿಲ್ಲ. ಹೋಲಿಸಲು ಒಂದು ಸಹಜ ಹೆರಿಗೆಯೂ ಅದರಲ್ಲಿಲ್ಲ, ಆದರೂ ಓದಿದವರು ಕತ್ತರಿಗೆ ಕೀರ್ತಿ ಕೊಟ್ಟರು. ಮಾಸಿನಲ್ಲಿ ವೈರಸ್ ಒಳಹೊಗಲು ಬೇಕಾದ ಗ್ರಾಹಕ ಮತ್ತು ಕಿಣ್ವ ಎರಡೂ ಒಟ್ಟಿಗಿರುವ ಕೋಶಗಳೇ ಬಹಳ ವಿರಳ. ಸೋಂಕೊಂದೇ ಸಿಸೇರಿಯನ್‌ಗೆ ಕಾರಣವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ತಾಯಿಯ ಆಮ್ಲಜನಕ ಕುಸಿಯುತ್ತಿದ್ದರೆ, ಮಾಸು ಗರ್ಭದ ಬಾಯಿಗೆ ಅಡ್ಡ ಕೂತಿದ್ದರೆ ಮಾತು ಬೇರೆ. ಆಗ ದಿನ ನಿರ್ಧರಿಸುವುದು ಆ ಕಾಯಿಲೆ.

ಉಳಿದವರು ಕಾಯಬೇಕಾದ್ದು 39 ವಾರ ತುಂಬುವವರೆಗೆ, ಅದೂ ಸರಿಯಾದ 39. ಲಾಕ್‌ಡೌನಿನಲ್ಲಿ ಮೊದಲ ಸ್ಕ್ಯಾನ್ ತಪ್ಪಿದವರಿಗೆ ಇದೇ ತೊಡಕಾಯಿತು. ಮೊದಲ ಮೂರು ತಿಂಗಳ ಸ್ಕ್ಯಾನಿನ ಲೆಕ್ಕ ಒಂದು ವಾರದೊಳಗೆ ತಪ್ಪಬಹುದು, ಕೊನೆಯ ತಿಂಗಳುಗಳದ್ದು ಮೂರು ವಾರದವರೆಗೆ. ಹಾಳೆಯ 38 ಒಳಗೆ 36 ಇರಬಹುದು.

ಶಸ್ತ್ರಚಿಕಿತ್ಸೆಗೆ ಬೆನ್ನಿನ ಇಂಜೆಕ್ಷನ್ ಮೇಲು. ಪೂರ್ಣ ಅರಿವಳಿಕೆ ಕೊಟ್ಟರೆ ಗಂಟಲಿಗೆ ನಳಿಕೆ ಹಾಕಬೇಕು. ಆಗ ಸೋಂಕಿತ ತಾಯಿಯ ಉಸಿರಿನ ಹನಿಗಳು ಕೋಣೆಗೆ ಚದುರುತ್ತವೆ. ಆಪರೇಷನ್ ಕೋಣೆಯ ಗಾಳಿ ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ನೂಕುವಂಥದು, ಆ ಹನಿಗಳು ಆಚೆಗೂ ಹೋಗಬಹುದು ಎಂಬುದೂ ನೆನಪಿರಬೇಕು. ಕೋವಿಡ್, ಬಾಣಂತನ, ಶಸ್ತ್ರಚಿಕಿತ್ಸೆ ಮೂರೂ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವುದರಿಂದ, ಅದನ್ನು ತಡೆಯುವ ಹೆಪಾರಿನ್ ಔಷಧದ ಬಗ್ಗೆ ಮೊದಲೇ ಕೇಳಿಡಿ. ಎದೆಹಾಲು ನಿಲ್ಲಿಸಬೇಕಿಲ್ಲ, ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಬಹುದು.

ಗೊತ್ತಾದ ದಿನಕ್ಕೆ ಮೊದಲೇ ನೋವು ಬಂದರೆ ಅಥವಾ ನೆತ್ತಿನೀರು ಒಡೆದರೆ ಕೋವಿಡ್ ಪರೀಕ್ಷೆಯ ವರದಿಗೆ ಕಾಯದೆ ಹೊರಡಿ. ವರದಿ ಇಲ್ಲವೆಂದು ಹೆರಿಗೆ ತಡಮಾಡುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಮೇ 18ರ ಸೂಚನೆಯಲ್ಲೇ ಹೇಳಿತ್ತು. ಅಂದು ಕತ್ತರಿ ಬಿದ್ದರೂ, ನೋವು ಶುರುವಾಗಿದ್ದರೆ ತೂಬು ತೆರೆಯತೊಡಗಿರುತ್ತದೆ.