ಜನವರಿಯಿಂದ ಅಪ್ಪನ ಮನೆ, ಜುಲೈಯಿಂದ ಅಮ್ಮನ ಮನೆ

2013ರಲ್ಲಿ ಕರ್ನಾಟಕ ಹೈಕೋರ್ಟಿನ ದ್ವಿಸದಸ್ಯ ಪೀಠವೊಂದು, ಬೇರೆಯಾದ ದಂಪತಿಯ ಮಗುವಿನ ವಿಚಾರದಲ್ಲಿ ಹೀಗೆ ಆದೇಶಿಸಿತು: ಪ್ರತಿವರ್ಷ ಜನವರಿ 1ರಿಂದ ಜೂನ್ 30ರವರೆಗೆ ಮಗು ತಂದೆಯ ಬಳಿ ಇರಲಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ. ಓದಿನ ಖರ್ಚು ಮತ್ತು ಇತರ ಖರ್ಚು ಇಬ್ಬರಿಗೂ ಸಮಪಾಲು. ಮಗು ಒಬ್ಬರ ಮನೆಯಲ್ಲಿರುವಾಗ ಶನಿವಾರ, ಭಾನುವಾರ ಇನ್ನೊಬ್ಬರು ಬಂದು ನೋಡಬಹುದು. ಫೋನಿಗೂ ವಿಡಿಯೋ ಕಾಲ್‌ಗೂ ಯಾರೂ ಅಡ್ಡಿ ಮಾಡುವಂತಿಲ್ಲ. ಎರಡು ವರ್ಷದ ನಂತರ ಕಾನೂನು ಆಯೋಗ ತನ್ನ ವರದಿಯಲ್ಲಿ ಜಂಟಿ ಪಾಲನೆಗೆ ಈ ಆದೇಶವನ್ನೇ ಉದಾಹರಣೆಯಾಗಿ ಕೊಟ್ಟಿತು.

ನಮ್ಮ ಶಾಲೆಗಳ ಕ್ಯಾಲೆಂಡರ್ ಪಕ್ಕಕ್ಕಿಟ್ಟುಕೊಂಡು ಈ ಆದೇಶ ಓದಿದರೆ ಅದು ಏನು ಕೇಳುತ್ತಿದೆ ಎಂಬುದು ತಿಳಿಯುತ್ತದೆ. ವಾರ್ಷಿಕ ಪರೀಕ್ಷೆ, ರಿಸಲ್ಟು, ಬೇಸಿಗೆ ರಜೆ, ಜೂನ್‌ನಲ್ಲಿ ಹೊಸ ಪುಸ್ತಕಗಳಿಗೆ ಬೈಂಡು ಹಾಕಿ ಲೇಬಲ್ ಅಂಟಿಸುವ ಕೆಲಸ ಅಪ್ಪನ ಪಾಲಿಗೆ. ಮಳೆಗಾಲದ ನೆಗಡಿ ಜ್ವರ, ದಸರಾ ರಜೆ, ದೀಪಾವಳಿ, ಸ್ಕೂಲ್ ಡೇ ಡ್ಯಾನ್ಸಿಗೆ ಬಟ್ಟೆ ಹೊಂದಿಸುವುದು ಅಮ್ಮನ ಪಾಲಿಗೆ. ಯುಗಾದಿ ಅವರಿಗೆ, ಗೌರಿ ಗಣೇಶ ಇವರಿಗೆ. ಶಾಲೆ ಮಾತ್ರ ಬದಲಾಗುವಂತಿಲ್ಲ ಎಂದರೆ ಇಬ್ಬರೂ ಒಂದೇ ಊರಿನಲ್ಲಿ, ಹೆಚ್ಚುಕಡಿಮೆ ಒಂದೇ ಸ್ಕೂಲ್ ಬಸ್ಸಿನ ದಾರಿಯಲ್ಲಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವನ್ನು ಆಗಾಗ ನೋಡಿಹೋಗುವ ಅಪ್ಪನನ್ನು ಈ ಆದೇಶ ಟಿಫನ್ ಡಬ್ಬಿ ಕಟ್ಟುವ ಅಪ್ಪನನ್ನಾಗಿ ಮಾಡಿತು. ಅಂಥದ್ದನ್ನು ಕೋರ್ಟು ಹೇಳುವ ಹೊತ್ತಿಗೆ ನಮ್ಮ ಕಾನೂನು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ನಡೆದುಬಂದಿತ್ತು.

ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ, ಅಂದರೆ ಕೌಟುಂಬಿಕ ನ್ಯಾಯಾಲಯದಲ್ಲಿ, ಮಕ್ಕಳ ಕಸ್ಟಡಿ ಪ್ರಕರಣಗಳನ್ನು ವಕೀಲರು ಇವತ್ತಿಗೂ 'ಜಿ ಅಂಡ್ ಡಬ್ಲ್ಯೂ' ಎಂದೇ ಕರೆಯುತ್ತಾರೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಹೆಸರು ಅದು. ವಿಕ್ಟೋರಿಯಾ ರಾಣಿಯ ಕಾಲದ ಈ ಕಾಯ್ದೆಯ ಹಿಂದೆ ಇದ್ದದ್ದು ಇಂಗ್ಲೆಂಡಿನ ಕುಟುಂಬದ ಚಿತ್ರ. ಅಲ್ಲಿ 1839ರವರೆಗೆ ಮಕ್ಕಳ ಮೇಲಿನ ಅಧಿಕಾರ ಪೂರ್ತಿಯಾಗಿ ತಂದೆಯದು. ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯ ಮೂವರು ಗಂಡುಮಕ್ಕಳನ್ನು ಆಕೆಯ ಗಂಡ ಕರೆದೊಯ್ದು ಮುಖ ತೋರಿಸದಂತೆ ಮಾಡಿದಾಗ ಆಕೆ ಕರಪತ್ರ ಬರೆದು, ಸಂಸದರ ಬೆನ್ನುಬಿದ್ದು ಹೋರಾಡಿದಳು. ಅದರ ಫಲವಾಗಿ ಬಂದ ಕಾಯ್ದೆ, ಏಳು ವರ್ಷದೊಳಗಿನ ಮಕ್ಕಳನ್ನು ತನಗೆ ಕೊಡಿ ಎಂದು ಕೇಳುವ ಅವಕಾಶವನ್ನು ತಾಯಿಗೆ ಕೊಟ್ಟಿತು. ಎಳೆಯ ಮಗು ಅಮ್ಮನಿಗೆ, ಬೆಳೆದ ಮಗು ಅಪ್ಪನಿಗೆ ಎಂಬ ಈ ಲೆಕ್ಕದ ನೆರಳು ನಮ್ಮ 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯಲ್ಲೂ ಕಾಣುತ್ತದೆ: ತಂದೆ ಸಹಜ ಪೋಷಕ (ಮಗುವಿನ ಪರವಾಗಿ ತೀರ್ಮಾನ ಮಾಡುವವನು), ಅವನ ನಂತರ ತಾಯಿ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ಹನಫಿ ಮುಸ್ಲಿಂ ಕಾನೂನಿನಲ್ಲೂ ಇದೇ ಬಗೆಯ ಹಂಚಿಕೆಯಿದೆ. ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಮೈನೆರೆಯುವವರೆಗೆ ತಾಯಿಯ ಆರೈಕೆಯಲ್ಲಿ. ಪೋಷಕತ್ವ ಮಾತ್ರ ತಂದೆಯದೇ.

ಇಂಗ್ಲಿಷರ ಕಾನೂನು ಬರುವ ಮೊದಲು ನಮ್ಮಲ್ಲೇನಿತ್ತು ಎಂದು ಕೇಳಿದರೆ ಒಂದೇ ಉತ್ತರವಿಲ್ಲ. ತುಳುನಾಡಿನ ಅಳಿಯ ಸಂತಾನದಲ್ಲಿ ಮಕ್ಕಳ ಬರಿ, ಅಂದರೆ ವಂಶ, ತಾಯಿಯದು, ಆಸ್ತಿಯ ದಾರಿ ತಾಯಿಯ ಮನೆಯದು, ಮನೆಯ ಯಜಮಾನಿಕೆ ಬಹಳಷ್ಟು ಕಡೆ ಸೋದರಮಾವನದು. ಗಂಡ ಹೆಂಡತಿ ಬೇರೆಯಾದರೆ ಮಗು ಯಾರಿಗೆ ಎಂಬ ತಕರಾರಿಗೆ ಅಲ್ಲಿ ಜಾಗವೇ ಕಡಿಮೆ. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಸೋಡಚೀಟಿ ಕೊಟ್ಟು ಸಂಬಂಧ ಕಡಿದುಕೊಳ್ಳುವ ರೂಢಿಯಿತ್ತು. ದೈವದವರು, ಅಂದರೆ ಸಮುದಾಯದ ಹಿರಿಯರು, ಕೂತು ತೀರ್ಮಾನಿಸುತ್ತಿದ್ದರು, ಮಕ್ಕಳನ್ನು ಅಪ್ಪನ ಕುಲಕ್ಕೆ ಸೇರಿದವರೆಂದೇ ಎಣಿಸುವುದು ಹೆಚ್ಚು. ಬಿಡುಗಡೆ ಎಂಬುದು ನಮಗೆ ಪಶ್ಚಿಮದಿಂದ ಬಂದ ಕೆಟ್ಟ ಚಾಳಿ ಎನ್ನುವವರಿಗೆ ಇದು ತಿಳಿದಿರಲಿ. ಆದರೆ ಒಂದು ಮಾತು ಒಪ್ಪಬೇಕು. ತಾಯಿಯ ಮನೆಯಾಗಲಿ, ತಂದೆಯ ಕುಲವಾಗಲಿ, ಮಗುವಿಗೆ ಮನೆ ಒಂದೇ. ಒಂದು ಮಗು, ಎರಡು ಮನೆ ಎಂಬ ಏರ್ಪಾಡು ನಮ್ಮ ಹಳೆಯ ರೂಢಿಗೂ ಹೊಸ ಕಾನೂನಿಗೂ ಸಮಾನವಾಗಿ ಅಪರಿಚಿತ.

ಕಳಂಕದ ಮಾತಿಗೆ ಬಂದರೆ, ಅದನ್ನು ಬೆಳೆಸಿದ್ದು ಬರೀ ನೆರೆಹೊರೆಯ ಬಾಯಲ್ಲ, ಕಾನೂನೂ ಬೆಳೆಸಿತು ಎಂಬುದು ನನ್ನ ಅನಿಸಿಕೆ. 1955ರ ಹಿಂದೂ ವಿವಾಹ ಕಾಯ್ದೆ ವಿಚ್ಛೇದನಕ್ಕೆ ಬಾಗಿಲು ತೆರೆಯಿತಾದರೂ ಬಹುಮಟ್ಟಿಗೆ ಎದುರಿನವರ ದೋಷ ತೋರಿಸಿದರೆ ಮಾತ್ರ ಒಳಗೆ ಪ್ರವೇಶ. ಅವಳ ನಡತೆ ಸರಿಯಿಲ್ಲ, ಅವನು ಕುಡುಕ, ಅವಳಿಗೆ ತಲೆ ಸರಿಯಿಲ್ಲ, ಅವನಿಗೆ ಇನ್ನೊಬ್ಬಳಿದ್ದಾಳೆ. ಇಷ್ಟೆಲ್ಲ ಅಫಿಡವಿಟ್ಟಿನಲ್ಲಿ ಬರೆದು, ಚಿಕ್ಕಪ್ಪ, ಪಕ್ಕದ ಮನೆಯವರಿಂದ ಸಾಕ್ಷಿ ಹೇಳಿಸಿ, ಕೊನೆಯಲ್ಲಿ ಅದೇ ಕಾಗದದ ಬಲದ ಮೇಲೆ ಮಗುವನ್ನೂ ಕೇಳುವುದು. ಕೆಟ್ಟ ಹೆಂಡತಿ ಎಂದರೆ ಕೆಟ್ಟ ತಾಯಿ, ಕೆಟ್ಟ ಗಂಡ ಎಂದರೆ ಕೆಟ್ಟ ತಂದೆ ಎಂಬ ಸಮೀಕರಣ ಗಟ್ಟಿಯಾದದ್ದು ಹೀಗೆ. ಇಷ್ಟು ಕೆಸರೆರಚಿದ ಇಬ್ಬರು ಮುಂದಿನ ಸೋಮವಾರ ಮಗುವಿನ ಗಣಿತದ ಮಾರ್ಕಿನ ಬಗ್ಗೆ ಮಾತಾಡಿಕೊಳ್ಳುವುದಾದರೂ ಹೇಗೆ?

1976ರ ತಿದ್ದುಪಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನು ತಂದಿತು. ಯಾರ ತಪ್ಪೂ ಸಾಬೀತಾಗಬೇಕಿಲ್ಲ. ಒಂದು ವರ್ಷ ಬೇರೆಯಿದ್ದು, ಒಟ್ಟಿಗೆ ಬಾಳಲಾಗದು ಎಂದು ಇಬ್ಬರೂ ಒಪ್ಪಿ ಸಹಿ ಹಾಕಿದರೆ ಸಾಕು. ಮಕ್ಕಳ ಪಾಲನೆಯನ್ನು ಜಗಳವಾಗಿ ಅಲ್ಲದೆ ಒಪ್ಪಂದವಾಗಿ ಬರೆಯುವ ಜಾಗ ಹಿಂದೂ ವಿವಾಹ ಕಾಯ್ದೆಯಲ್ಲಿ ಮೊದಲ ಸಲ ಸಿಕ್ಕಿದ್ದು ಅಲ್ಲಿ. 1984ರ ಕಾಯ್ದೆ ಕೌಟುಂಬಿಕ ನ್ಯಾಯಾಲಯಗಳನ್ನು ತಂದಿತು, ಆಪ್ತಸಮಾಲೋಚಕರು ಬಂದರು. ಒಪ್ಪಿಗೆಯ ವಿಚ್ಛೇದನದಲ್ಲಿ ಮೊದಲ ಅರ್ಜಿಗೂ ಎರಡನೆಯದಕ್ಕೂ ನಡುವೆ ಆರು ತಿಂಗಳು ಕಾಯಬೇಕೆಂಬ ನಿಯಮವನ್ನು ಸಡಿಲಿಸಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗಲೂ ಹಾಕಿದ ಷರತ್ತುಗಳಲ್ಲಿ ಒಂದು, ಮಗುವಿನ ಕಸ್ಟಡಿಯನ್ನು ಇಬ್ಬರೂ ನಿಜವಾಗಿ ಇತ್ಯರ್ಥ ಮಾಡಿಕೊಂಡಿರಬೇಕು ಎಂಬುದು.

ಆದರೆ ಪೋಷಕತ್ವದ ಕಾಯ್ದೆ ಅಲ್ಲೇ ನಿಂತಿತ್ತು. 1984ರಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡಿಗೆ ಅರ್ಜಿ ಹಾಕಿದರು, ಪೋಷಕಿಯಾಗಿ ತಾವೇ ಸಹಿ ಮಾಡಿದರು. ಗಂಡನ ಸಮ್ಮತಿಯೂ ಇತ್ತು. ತಂದೆಯ ಸಹಿ ಹಾಕಿಸಿ ತನ್ನಿ ಎಂದು ಅರ್ಜಿ ವಾಪಸ್ ಬಂತು. ಅದರ ಜೊತೆಗೇ ಸುಪ್ರೀಂ ಕೋರ್ಟು ಕೇಳಿದ ಇನ್ನೊಂದು ಪ್ರಕರಣ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು: ಮಗು ಇದ್ದದ್ದು ತಾಯಿಯ ಬಳಿ, ಆದರೆ ಸಹಜ ಪೋಷಕ ತಾನೊಬ್ಬನೇ, ತನ್ನ ಒಪ್ಪಿಗೆಯಿಲ್ಲದೆ ಯಾವ ತೀರ್ಮಾನವೂ ಆಗಕೂಡದು ಎಂದು ತಂದೆ ಶಾಲೆಗೆ ಪತ್ರ ಬರೆಯುತ್ತಿದ್ದ. 1999ರಲ್ಲಿ ಕೋರ್ಟು, ತಂದೆಯ ನಂತರ ಎಂದರೆ ಅವನು ಸತ್ತ ನಂತರ ಮಾತ್ರವಲ್ಲ, ಅವನು ಮಗುವಿನ ಹೊಣೆ ಹೊರದೆ ದೂರ ಇರುವಾಗಲೂ ತಾಯಿಯೇ ಪೋಷಕಿ ಎಂದು ಅರ್ಥೈಸಿತು. ಸಮಾಧಾನದ ತೀರ್ಪು, ನಿಜ. ಆದರೂ ತಂದೆ ಇಲ್ಲದಾಗ ತಾಯಿ ಎಂಬ ಸಾಲಿನ ಕ್ರಮ ಅಳಿಯಲಿಲ್ಲ. ಇಬ್ಬರೂ ಒಟ್ಟಿಗೆ, ಸಮಾನವಾಗಿ ಪೋಷಕರು ಎಂಬ ಮಾತು ಅಲ್ಲೂ ಬರಲಿಲ್ಲ.

ಕೋರ್ಟಿನ ಹೊರಗೆ, ಅಲ್ಲ ಒಳಗೇ, ಈ ಅಸಮತೆ ಹೇಗೆ ಕಾಣುತ್ತದೆ ಎಂದು ತಿಳಿಯಬೇಕಾದರೆ ಕೌಟುಂಬಿಕ ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಸಾಕು. ವಿಸಿಟೇಷನ್ ಎಂದು ಬರೆದ ಒಂದೆರಡು ಗಂಟೆ. ಅಪ್ಪ ಹೊಸ ಬಟ್ಟೆ ತಂದಿರುತ್ತಾನೆ, ಅದು ಒಂದು ಸೈಜು ಚಿಕ್ಕದಾಗಿರುತ್ತದೆ. ಅವನ ಕಣ್ಣಲ್ಲಿ ಮಗು ಇನ್ನೂ ಮೂರು ತಿಂಗಳ ಹಿಂದಿನಷ್ಟೇ ಇದೆ. ಬಾಗಿಲ ಬಳಿ ಅಜ್ಜಿ ಕಾವಲು. ಮಗು ಚಾಕೊಲೇಟ್ ತೆಗೆದುಕೊಳ್ಳುವ ಮೊದಲು ಬಾಗಿಲ ಕಡೆ ನೋಡುತ್ತದೆ. ಅಪ್ಪ ಅತಿಥಿಯಾಗುವುದು, ಅಮ್ಮ ವರ್ಷದ ಮುನ್ನೂರೈವತ್ತು ದಿನ ಒಬ್ಬಳೇ ದುಡಿಯುವುದು, ಇಬ್ಬರೂ ಸೋತವರೇ ಆಗುವುದು ಈ ಏರ್ಪಾಡಿನ ಫಲ. ಮಕ್ಕಳು ತಂದೆ ತಾಯಿಯ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲೇ ಹೇಳಿತ್ತು. ಆ ಮಾತನ್ನು ಅಂದಿನಿಂದ ಉಲ್ಲೇಖಿಸಿದಷ್ಟು ಪಾಲಿಸಿದ್ದು ಕಡಿಮೆ.

ಜಂಟಿ ಪಾಲನೆಗೆ ಮನಸ್ಸು ಮಾಡಿದವರನ್ನೂ ಜನ ಸುಮ್ಮನೆ ಬಿಡುವುದಿಲ್ಲ. ವಾರದಲ್ಲಿ ಮೂರು ದಿನ ಮಗುವನ್ನು ಅಪ್ಪನ ಮನೆಗೆ ಕಳಿಸುವ ತಾಯಿಗೆ 'ಮಗೂನೂ ಬಿಟ್ಟುಕೊಟ್ಲಲ್ಲ, ಎಂಥಾ ಗಟ್ಟಿ ಎದೆ' ಎಂಬ ಮಾತು. ಅದೇ ಮೂರು ದಿನ ನೋಡಿಕೊಳ್ಳುವ ಗಂಡಸಿಗೆ 'ಪಾಪ, ಒಬ್ಬನೇ ಹೇಗೆ ಮಾಡ್ತಾನೋ' ಎಂಬ ಅನುಕಂಪ, ಜೊತೆಗೆ ಎರಡನೇ ಮದುವೆಯ ಜಾತಕ. ಪೇರೆಂಟ್ಸ್ ಮೀಟಿಂಗಿಗೆ ಇಬ್ಬರೂ ಬಂದು ಅಕ್ಕಪಕ್ಕ ಕೂತರೆ 'ಇಷ್ಟು ಚೆನ್ನಾಗಿದ್ದವರು ಯಾಕೆ ಬಿಟ್ರು?' ಎಂದು ಕುತೂಹಲ. ಕೂರದಿದ್ದರೆ ಇನ್ನೊಂದು ಕಥೆ. ಇದಕ್ಕೆಲ್ಲ ಹೆದರಿ ಎಷ್ಟೋ ಮನೆಗಳಲ್ಲಿ ಮಗುವಿಗೇ ಸುಳ್ಳು ಕಲಿಸುತ್ತಾರೆ: ಯಾರಾದರೂ ಕೇಳಿದರೆ ಅಪ್ಪ ದುಬೈನಲ್ಲಿದ್ದಾರೆ ಅನ್ನು. ಶನಿವಾರ ಬೆಳಗ್ಗೆ ಗೇಟಿನ ಹತ್ತಿರ ಸ್ಕೂಟರಿನಲ್ಲಿ ಬಂದು ನಿಲ್ಲುವ ದುಬೈ ಅಪ್ಪನನ್ನು ಓಣಿಯ ಮಕ್ಕಳೆಲ್ಲ ನೋಡಿರುತ್ತಾರೆ. ಬೇರೆಯಾದದ್ದಕ್ಕಿಂತ ಈ ಬಚ್ಚಿಡುವಿಕೆಯೇ ನಾವೇನೋ ತಪ್ಪು ಮಾಡಿದ್ದೇವೆ ಎಂಬ ಭಾವವನ್ನು ಮಗುವಿನಲ್ಲಿ ಹೆಚ್ಚು ಬಿತ್ತುತ್ತದೆ ಎಂದು ನನಗನಿಸುತ್ತದೆ.

ಕಾಗದಪತ್ರದ ಲೋಕ ಮಾತ್ರ ನಿಧಾನಕ್ಕೆ ಬದಲಾಗುತ್ತಿದೆ. 2010ರಲ್ಲಿ 1890ರ ಕಾಯ್ದೆಗೆ ತಿದ್ದುಪಡಿ ತಂದು ತಂದೆಯ ಜೊತೆ ತಾಯಿಯ ಹೆಸರನ್ನೂ ಸೇರಿಸಿದರು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರ ಹೆಸರಿದ್ದರೆ ಸಾಕು.

2015ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 257ನೇ ವರದಿಯನ್ನು ಕೊಟ್ಟಿತು. ತಂದೆ ತಾಯಿಯರಲ್ಲಿ ಒಬ್ಬರು ಮೇಲು ಎಂಬುದನ್ನು ತೆಗೆಯಿರಿ, ಕಸ್ಟಡಿ, ಮಗುವಿನ ಜೀವನಾಂಶ ಮತ್ತು ಭೇಟಿಗೆಂದೇ 1890ರ ಕಾಯ್ದೆಯಲ್ಲಿ ಹೊಸ ಅಧ್ಯಾಯ ಸೇರಿಸಿ, ಜಂಟಿ ಕಸ್ಟಡಿಯನ್ನು ಒಂದು ಆಯ್ಕೆಯಾಗಿ ಬರೆಯಿರಿ ಎಂದಿತು. 2022ರ ಆಗಸ್ಟಿನಲ್ಲಿ ಸಂಸದೀಯ ಸಮಿತಿಯೂ ಅದೇ ದಿಕ್ಕಿನಲ್ಲಿ ಶಿಫಾರಸು ಮಾಡಿತು. ವರದಿಗಳು ಬಂದವು, ಕಾಯ್ದೆ ಬರಲಿಲ್ಲ. ಆದ್ದರಿಂದಲೇ 2013ರ ಹೈಕೋರ್ಟ್ ಆದೇಶದಂಥವು ಆಯಾ ನ್ಯಾಯಾಧೀಶರ ವಿವೇಚನೆಯ ಫಲಗಳಾಗಿಯೇ ಉಳಿದಿವೆ.

ಸಮಪಾಲು ಎಂದಾಕ್ಷಣ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ನಮ್ಮಲ್ಲಿ ಸಮಾನ ಸಮಯ ಕೇಳುವ ದನಿಗಳಷ್ಟು ಜೋರಾಗಿ ಸಮಾನ ಕೆಲಸ ಕೇಳುವ ದನಿ ಕೇಳಿಸುವುದಿಲ್ಲ. ಜೀವನಾಂಶ ತಗ್ಗಿಸಲು ಅರ್ಧ ವಾರ ಕೇಳಿ, ಆ ಅರ್ಧ ವಾರವನ್ನು ತನ್ನ ತಾಯಿಯ ತಲೆಗೆ ಕಟ್ಟುವವರಿದ್ದಾರೆ. ಹೊಡೆತ ಬಡಿತದ ಮನೆಯಿಂದ ಹೊರಬಂದ ಹೆಣ್ಣಿಗೆ ವಾರಕ್ಕೊಮ್ಮೆ ಅವನ ಎದುರು ನಿಲ್ಲುವುದೇ ಶಿಕ್ಷೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅಂಥ ಕಡೆ ಭೇಟಿಯನ್ನೇ ನಿರಾಕರಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಆಸ್ಟ್ರೇಲಿಯಾದ ಅನುಭವವನ್ನೂ ನೋಡಬೇಕು. 2006ರಲ್ಲಿ ಅಲ್ಲಿ, ಹೊಣೆ ಇಬ್ಬರಿಗೂ ಸಮಾನ ಎಂಬ ಪೂರ್ವಭಾವನೆಯನ್ನೇ ಕಾನೂನಿನಲ್ಲಿ ಬರೆದರು. ತೀರ್ಮಾನಗಳಲ್ಲಿ ಸಮಪಾಲು ಎಂದದ್ದನ್ನು ಜನ ದಿನಗಳಲ್ಲಿ ಸಮಪಾಲು ಎಂದು ಓದಿಕೊಂಡರು, ಜಗಳಗಳು ಆ ಸುತ್ತಲೇ ಬೆಳೆದವು. 2023ರಲ್ಲಿ ಸಂಸತ್ತು ಅದನ್ನು ತೆಗೆದುಹಾಕಿತು; 2024ರ ಮೇ ತಿಂಗಳಿಂದ ಮಗುವಿನ ಹಿತ, ಸುರಕ್ಷತೆಯ ಪ್ರಶ್ನೆಗಳೇ ಅಲ್ಲಿ ಮುಂದಿವೆ.

ವಿದೇಶದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಗಂಟು ಇನ್ನೂ ಬಿಗಿ. ಅಲ್ಲಿ ಹುಟ್ಟಿದ ಮಗುವನ್ನು ಕರೆದುಕೊಂಡು ಒಬ್ಬರು ಮೈಸೂರಿಗೋ ಹುಬ್ಬಳ್ಳಿಗೋ ಬಂದುಬಿಟ್ಟರೆ, ಇನ್ನೊಬ್ಬರು ಅಲ್ಲಿಯ ಕೋರ್ಟಿನ ಆದೇಶ ಹಿಡಿದು ಇಲ್ಲಿಯ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಅರ್ಜಿ, ಹಾಕುತ್ತಾರೆ. ಮಕ್ಕಳನ್ನು ದೇಶದಾಟಿಸುವ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಇಂಥ ಪ್ರಕರಣವೊಂದರಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು, ದೂರದಲ್ಲಿರುವ ತಂದೆಗೋ ತಾಯಿಗೋ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನೊಡನೆ ಮಾತಾಡುವ ಅವಕಾಶ ಇರಬೇಕು, ವಿಡಿಯೋ ಕಾಲ್ ಆದರೆ ಒಳ್ಳೆಯದು ಎಂದಿತು.

ಕಾಯ್ದೆಗೆ ಕಾಯದೆ ತಾವೇ ದಾರಿ ಮಾಡಿಕೊಂಡವರೂ ಇದ್ದಾರೆ. ಮೀಡಿಯೇಷನ್‌ನಲ್ಲಿ ಕೂತು ಇಬ್ಬರೂ ಬರೆಸುವ ಒಪ್ಪಂದಪತ್ರದಲ್ಲಿ ಪ್ರೀತಿ, ತ್ಯಾಗದ ಮಾತಿರುವುದಿಲ್ಲ. ಗುರುವಾರ ಸಂಜೆ ಶಾಲೆಯಿಂದ ಯಾರು ಕರೆತರಬೇಕು. ಯೂನಿಫಾರಂ ಎರಡೂ ಮನೆಯಲ್ಲಿ ಒಂದೊಂದು ಜೊತೆ. ಜ್ವರ ಬಂದರೆ ಎಷ್ಟು ಹೊತ್ತಿನೊಳಗೆ ಇನ್ನೊಬ್ಬರಿಗೆ ಹೇಳಬೇಕು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಇಬ್ಬರ ನಂಬರೂ ಇರಬೇಕು. ಅಜ್ಜ ಅಜ್ಜಿಯ ಊರಿನ ಜಾತ್ರೆಗೆ ಯಾವ ವರ್ಷ ಯಾರ ಕಡೆ. ಮಗುವಿನ ಎದುರು ಇನ್ನೊಬ್ಬರನ್ನು ಬೈಯುವಂತಿಲ್ಲ. ಪತ್ರ ಎಷ್ಟು ಸಪ್ಪೆಯೋ ಅಷ್ಟು ಬಾಳಿಕೆ ಬರುತ್ತದೆ. ಅದನ್ನು ಮತ್ತೆ ತೆರೆಯಲೂಬಹುದು: ಕಸ್ಟಡಿ ಆದೇಶಗಳು ಯಾವತ್ತೂ ಅಂತಿಮವಲ್ಲ, ಸಂದರ್ಭ ಬದಲಾದಂತೆ ಬದಲಾಯಿಸಬಹುದು ಎಂಬುದೂ ಅದೇ 1973ರ ತೀರ್ಪಿನಲ್ಲಿದೆ. ಐದನೇ ವಯಸ್ಸಿಗೆ ಬರೆದ ಗುರುವಾರ ಶನಿವಾರದ ಲೆಕ್ಕ ಹನ್ನೆರಡರ ಹುಡುಗಿಯ ಬ್ಯಾಸ್ಕೆಟ್‌ಬಾಲ್ ಕೋಚಿಂಗಿಗೆ ಹೊಂದದಿದ್ದರೆ ಇಬ್ಬರೂ ಮತ್ತೆ ಕೂರಬೇಕು, ಈ ಸಲ ಅವಳನ್ನೂ ಕೇಳಿ.